ಪಾಡ್ರೇಸ್ ಮತ್ತೆ ಕಂದು ಬಣ್ಣಕ್ಕೆ ಹೋದ್ರು, ನನ್ನ ನೀಲಿ ಟೋಪಿ ಏನು ಮಾಡ್ಲಿ?

ಹಳೇ_ಟೋಪಿ | ಸ್ಯಾನ್ ಡಿಯೇಗೊ

ಮೊನ್ನೆ ಭಾನುವಾರ ಗರಾಜ್ ಕ್ಲೀನ್ ಮಾಡೋ ಕಾರ್ಯಕ್ರಮ ಇತ್ತು. ನಮ್ಮನೆಯಾಕೆ ನೆಲದ ಮೇಲೆ ಮೂರು ರಾಶಿ ಹಾಕಿದ್ಲು: ಇಟ್ಕೊಳ್ಳೋದು, ಯಾರಿಗಾದ್ರೂ ಕೊಡೋದು, ಬಿಸಾಕೋದು. ಮೂರನೇ ರಾಶಿಯ ನೆತ್ತಿ ಮೇಲೆ ನಮ್ಮೂರ ಬೇಸ್‌ಬಾಲ್ ತಂಡ ಪಾಡ್ರೇಸ್‌ನ ನನ್ನ ಟೋಪಿ ಕೂತಿತ್ತು. ಕಡುನೀಲಿ ಉಣ್ಣೆ ಟೋಪಿ, ಮುಂದೆ ಬಿಳಿ ‘ಎಸ್‌ಡಿ’, ಅದರ ಸುತ್ತ ಕಿತ್ತಳೆ ಅಂಚು. ಒಳಗಿನ ಪಟ್ಟಿ ಬೆವರು ಕುಡಿದು ಕುಡಿದು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಅಲ್ಲಿಟ್ಟಿದ್ದು ಹದಿನಾರು ವರ್ಷದ ಮಗಳು. ಯಾಕೆ ಅಂದ್ರೆ, "ಅಪ್ಪಾ, ಇದನ್ನ ಹಾಕ್ಕೊಂಡು ಬಂದ್ರೆ ನಿಮ್ಮನ್ನ ಡಾಡ್ಜರ್ಸ್ ಕಡೆಯವ್ರು ಅನ್ಕೋತಾರೆ" ಅಂದ್ಲು. ಡಾಡ್ಜರ್ಸ್ ಅಂದ್ರೆ ಲಾಸ್ ಏಂಜಲೀಸಿನ ನೀಲಿ ತಂಡ, ನಮ್ಮ ಎದುರಾಳಿ.

ನಾನು ಈ ಊರಿಗೆ ಬಂದಿದ್ದು 1998ರಲ್ಲಿ. ನಾಲ್ಕು ಜನ ಬ್ಯಾಚುಲರ್‌ಗಳು, ಎರಡು ರೂಮು, ಒಂದು ಟಿವಿ. ಬೇಸ್‌ಬಾಲ್ ಗಂಧಗಾಳಿ ಇರಲಿಲ್ಲ. ಆಫೀಸಿನವರು ಮಿಷನ್ ವ್ಯಾಲಿಯ ಹಳೇ ಸ್ಟೇಡಿಯಮ್ಮಿಗೆ ಕರ್ಕೊಂಡು ಹೋದ್ರು, ಬಿಸಿಲು ತಡೀಲಾರದೆ ಈ ಟೋಪಿ ಕೊಂಡೆ. ಆ ವರ್ಷವೇ ತಂಡ ವರ್ಲ್ಡ್ ಸೀರೀಸಿಗೆ, ಅಂದ್ರೆ ಬೇಸ್‌ಬಾಲಿನ ಫೈನಲ್ಲಿಗೆ ಹೋಯ್ತು. ನ್ಯೂಯಾರ್ಕಿನ ಯಾಂಕೀಸ್ ನಾಲ್ಕಕ್ಕೆ ನಾಲ್ಕೂ ಗೆದ್ದು ಗುಡಿಸಿ ಹಾಕಿದ್ರು. ಆದ್ರೆ ಅಕ್ಟೋಬರ್ 21ರ ರಾತ್ರಿ ಕೊನೇ ಆಟ ಸೋತ ಮೇಲೂ ನಮ್ಮ ಜನ ಎದ್ದು ಹೋಗ್ಲಿಲ್ಲ. ಚಪ್ಪಾಳೆ ತಟ್ತಾನೇ ನಿಂತ್ರು. ಆಟಗಾರರು ಮತ್ತೆ ಮೈದಾನಕ್ಕೆ ಬಂದು ಕೈ ಬೀಸಿದ್ರು. ಸೋತವರಿಗೆ ಅಷ್ಟು ಹೊತ್ತು ಚಪ್ಪಾಳೆ ಹೊಡೆಯೋ ಜನ ಇದಾರೆ ಅಂದ್ರೆ ಈ ಊರಲ್ಲಿ ಬದುಕಬಹುದು ಅನ್ನಿಸಿತು ನನಗೆ. ಅವತ್ತು ಟಿವಿ ಮುಂದೆ ತಲೆ ಮೇಲಿದ್ದಿದ್ದು ಇದೇ ಟೋಪಿ.

2019ರ ನವೆಂಬರ್ 9ಕ್ಕೆ ಕಂದು-ಹಳದಿ ಜೆರ್ಸಿ ತೋರಿಸಿದಾಗ ಊರಿಗೆ ಊರೇ "ನಮ್ಮದು ನಮಗೆ ವಾಪಸ್ ಬಂತು" ಅಂತ ಕುಣೀತು. ನನಗೆ ಮಾತ್ರ ಹುಡುಗಿ ಕಡೆಯೋ ಹುಡುಗನ ಕಡೆಯೋ ಗೊತ್ತಿಲ್ಲದೆ ಮದುವೆ ಊಟಕ್ಕೆ ಕೂತ ಹಾಗಾಯ್ತು. ಅವರಿಗೆ ಹಳೇದು ಯಾವುದೋ ಅದು ನನಗೆ ಹೊಸದು. ನನ್ನ ಹಳೇದು ಈಗ ಬಿಸಾಕೋ ರಾಶಿಯಲ್ಲಿದೆ.

ನಿಮ್ಮ ತಂಡ ಬಣ್ಣ ಬದಲಾಯಿಸಿದಾಗ ನೀವೇನು ಮಾಡಿದ್ರಿ? ಕ್ರಿಕೆಟ್ಟಾದ್ರೂ ಸರಿ, ಹೇಳಿ. ಟೋಪಿ ಸದ್ಯಕ್ಕೆ ಒಂದನೇ ರಾಶಿಗೆ ಕದ್ದು ಸಾಗಿಸಿದೀನಿ.

ಕೊಪ್ಪದ_ಕಾಫಿ | ಲಾ ಮೆಸಾ

ಟೋಪಿ ಬಿಸಾಕಬೇಡಿ. ಆದ್ರೆ ‘ಅವರಿಗೆ ಹಳೇದು’ ಅಂದ್ರಲ್ಲ, ಆ ‘ಅವರು’ ಅಂದ್ರೆ ನಾನೇ. ಸ್ವಲ್ಪ ಉದ್ದ ಬರೀತೀನಿ, ಒಂದು ಲೋಟ ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ನಾನು ಬಂದಿದ್ದು 1982ರಲ್ಲಿ, ಓದೋದಕ್ಕೆ. ನಮ್ಮ ತಂಡದ ದೊಡ್ಡ ಬ್ಯಾಟರ್ ಟೋನಿ ಗ್ವಿನ್ ಮೊದಲ ಸಲ ಆಡಿದ ವರ್ಷ. ಆಗ ತಂಡದ ಮೈಮೇಲೆ ಕಂದು, ಹಳದಿ, ಕಿತ್ತಳೆ ಮೂರೂ ಇತ್ತು. ಪಾಡ್ರೇಸ್ ಅಂದ್ರೆ ಪಾದ್ರಿಗಳು. 1769ರಲ್ಲಿ ಸ್ಪೇನಿನ ಫ್ರಾನ್ಸಿಸ್ಕನ್ ಪಾದ್ರಿಗಳು ಇಲ್ಲಿ ಮಿಷನ್ ಕಟ್ಟಿದ್ರು. ಸರಿಯಾಗಿ 200 ವರ್ಷಕ್ಕೆ, 1969ರಲ್ಲಿ, ತಂಡ ಮೇಜರ್ ಲೀಗಿಗೆ ಬಂತು. ನಿಲುವಂಗಿಯ ಬಣ್ಣವೇ ಜೆರ್ಸಿಯ ಬಣ್ಣ ಆಯ್ತು. 1972ರಲ್ಲಂತೂ ಅಂಗಿ ಚಡ್ಡಿ ಎಲ್ಲಾ ಹಳದಿ. ಫೋಟೋ ನೋಡಿದ್ರೆ ಒಂಬತ್ತು ಜನ ಮದುಮಕ್ಕಳು ಅರಿಶಿನ ಎಣ್ಣೆ ಶಾಸ್ತ್ರದಿಂದ ಎದ್ದು ನೇರ ಮೈದಾನಕ್ಕೆ ಓಡಿ ಬಂದ ಹಾಗಿದೆ.

ನಗ್ತಿದ್ರು ಜನ, ಇಲ್ಲ ಅನ್ನಲ್ಲ. ಡಾಡ್ಜರ್ಸ್ ಬಿಟ್ಟು 1983ರಲ್ಲಿ ನಮ್ಮಲ್ಲಿಗೆ ಬಂದ ಸ್ಟೀವ್ ಗಾರ್ವಿ ಈ ಬಟ್ಟೆಯಲ್ಲಿ ತಾನು ಟ್ಯಾಕೊ (ಮೆಕ್ಸಿಕೋದ ಮಡಚಿದ ರೊಟ್ಟಿ) ಥರ ಕಾಣ್ತೀನಿ ಅಂತ ಹಾಸ್ಯ ಮಾಡಿದ್ದು ಇವತ್ತಿಗೂ ಓಡಾಡುತ್ತೆ. ಅದೇ ಗಾರ್ವಿ 1984ರ ಅಕ್ಟೋಬರ್ 6ರ ರಾತ್ರಿ ಶಿಕಾಗೋದ ಕಬ್ಸ್ ಮೇಲೆ ಒಂಬತ್ತನೇ ಇನ್ನಿಂಗ್ಸಲ್ಲಿ ಆಟ ಮುಗಿಸೋ ಹೋಂ ರನ್ ಹೊಡೆದ. ಬಲಗೈ ಮುಷ್ಟಿ ಮೇಲೆತ್ತಿ ಓಡ್ತಾ ಇದಾನೆ, ಮೈಮೇಲೆ ಅದೇ ಕಂದು-ಕಿತ್ತಳೆ. ಅವತ್ತು ಯಾರಿಗೂ ಟ್ಯಾಕೊ ನೆನಪಾಗ್ಲಿಲ್ಲ.

1991ರಲ್ಲಿ ಕಂದು ತೆಗೆದು ನೇವಿ ಬ್ಲೂ ತಂದ್ರು. ನೌಕಾಪಡೆಯ ಊರು, ನೀಲಿ ಒಪ್ಪುತ್ತೆ ಅನ್ನೋರಿದ್ರು. ನಿಜವಾದ ಕಾರಣ ನಾಚಿಕೆ, ಇದು ನನ್ನ ಖಾಸಗಿ ಅಭಿಪ್ರಾಯ. ನಾಲ್ಕು ಜನ ನಗ್ತಾರೆ ಅಂತ ಹಳ್ಳಿಯಿಂದ ಬಂದ ಹುಡುಗ ಕಾಲೇಜಿಗೆ ಬಂದ ಮೇಲೆ ಪಂಚೆ ಮಡಚಿ ಟ್ರಂಕಿನ ತಳಕ್ಕೆ ಹಾಕ್ತಾನಲ್ಲ, ಹಾಗೆ. ನೀವು ಕೊಂಡ ಟೋಪಿ ಆ ಕಾಲದ್ದು. ನಿಮ್ಮ ತಪ್ಪಿಲ್ಲ ಬಿಡಿ.

ಬಂಗುಡೆ_ಫ್ರೈ | ಲಾಸ್ ಏಂಜಲೀಸ್

ಮಾರಾಯ್ರೆ, ಮಗಳು ಹೇಳಿದ್ದು ಸರಿ ಉಂಟು. ನೀಲಿ ಅಂದ್ರೆ ನಮ್ಮದೇ. ಟೋಪಿ ಬೇಡದಿದ್ರೆ ಇಲ್ಲಿಗೆ ಕಳಿಸಿ, ‘ಎಸ್‌ಡಿ’ ತೆಗೆದು ‘ಎಲ್‌ಎ’ ಹೊಲಿಸಿಕೊಳ್ತೇನೆ.

ತಮಾಷೆ ಬಿಟ್ಟು ಒಂದು ವಿಷಯ. ಪಾದ್ರಿ ಅನ್ನುವ ಕನ್ನಡ ಶಬ್ದವೂ ಪೋರ್ಚುಗೀಸರ ‘ಪಾದ್ರೆ’ಯಿಂದಲೇ ಬಂದದ್ದು, ನಿಮ್ಮ ತಂಡದ ಹೆಸರಿನ ಸ್ಪ್ಯಾನಿಷ್ ಶಬ್ದದ ದಾಯಾದಿ. ನಮ್ಮ ಮಂಗಳೂರಿನ ಬಿಜೈಯಲ್ಲಿ ಕಪುಚಿನ್ ಪಾದ್ರಿಗಳ ಮಠ ಉಂಟು, ಅವರದ್ದು ಇದೇ ಕಂದು ನಿಲುವಂಗಿ. ಆ ಕಪುಚಿನರ ಬಣ್ಣ ನೋಡಿಯೇ ಹಾಲು ಹಾಕಿದ ಕಾಫಿಗೆ ಕ್ಯಾಪುಚಿನೋ ಅಂತ ಹೆಸರು ಬಂದದ್ದು. ಹಾಗಾಗಿ ಕೊಪ್ಪದ ಕಾಫಿಯವರು ಕಂದು ಬಣ್ಣದ ಪರ ನಿಂತದ್ದು ಆಶ್ಚರ್ಯವೇ ಅಲ್ಲ.

ಕೊಪ್ಪದ_ಕಾಫಿ | ಲಾ ಮೆಸಾ

ಡಾಡ್ಜರ್ಸ್ ಕಡೆಯಿಂದ ಬಂದ ಮೊದಲ ಒಳ್ಳೇ ಮಾತು. ಬರೆದಿಟ್ಕೊಂಡೆ.

ಅರಿಶಿನ_ಕುಂಕುಮ | ಬೆಂಗಳೂರು

ಬೇಸ್‌ಬಾಲ್ ನಂಗೆ ಗೊತ್ತಿಲ್ಲ ಗುರು, ಆದ್ರೆ ನೋವು ಗೊತ್ತು. ಆರ್‌ಸಿಬಿ ಕಡೆಯಿಂದ ಎರಡು ಮಾತು.

2008ರಲ್ಲಿ ಕೆಂಪು-ಹಳದಿಲಿ ಶುರು ಮಾಡಿದ್ರು. ಕನ್ನಡ ಬಾವುಟದ ಬಣ್ಣ, ಇನ್ನೇನು ಬೇಕು? ಆಮೇಲೆ ಹಳದಿ ಹೋಗಿ ಬಂಗಾರ, ಬಂಗಾರದ ಜೊತೆ ಕಪ್ಪು. 2024ರ ಮಾರ್ಚಲ್ಲಿ ಚಿನ್ನಸ್ವಾಮಿಲಿ ಹೊಸ ಜೆರ್ಸಿ ತೋರಿಸಿದ್ರಲ್ಲ, ಕಪ್ಪು ಇದ್ದ ಜಾಗದಲ್ಲಿ ಕಡುನೀಲಿ. ಅವತ್ತೇ ಹೆಸರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂದಿದ್ರಿಂದ ಜನ ನೀಲಿ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಳ್ಳಲಿಲ್ಲ. ಒಂದು ಕೈಲಿ ಮೈಸೂರ್ ಪಾಕ್ ಕೊಟ್ಟು ಇನ್ನೊಂದು ಕೈಲಿ ಇಂಜೆಕ್ಷನ್ ಚುಚ್ಚಿದ ಹಾಗೆ. ನಾನು ಮಾತ್ರ ಎರಡು ತಿಂಗಳು ಬೈದೆ. 2025ರಲ್ಲಿ ಅದೇ ಕೆಂಪು-ನೀಲಿ ಹಾಕ್ಕೊಂಡು ಕಪ್ ಎತ್ತಿದ್ರು. ಈಗ ಆ ನೀಲಿ ಬಗ್ಗೆ ನನ್ನ ಮುಂದೆ ಯಾರಾದ್ರೂ ಒಂದು ಮಾತಾಡ್ಲಿ ನೋಡೋಣ.

ಇನ್ನೊಂದು. ವರ್ಷಕ್ಕೊಂದು ಮ್ಯಾಚ್ ಹಸಿರು ಹಾಕ್ತಾರೆ, ಪರಿಸರದ ಹೆಸರಲ್ಲಿ. 2021ರ ಸೆಪ್ಟೆಂಬರಲ್ಲಿ ಕೋವಿಡ್ ಕಾಲದ ಆರೋಗ್ಯ ಕಾರ್ಯಕರ್ತರಿಗೆ ಗೌರವ ಅಂತ ನೀಲಿ ಹಾಕಿದ್ರು, ಉದ್ದೇಶ ಚಿನ್ನದಂಥದ್ದು. ಕೋಲ್ಕತ್ತಾ ಮೇಲೆ 92ಕ್ಕೆ ಆಲ್ ಔಟ್. ನಮ್ಮಜ್ಜಿ ಟಿವಿ ನೋಡಿ, "ಪುಣ್ಯದ ಕೆಲಸಕ್ಕೆ ಹೋಗೋವಾಗ ಬಟ್ಟೆ ಬದಲಾಯಿಸಬೇಕು, ಯುದ್ಧಕ್ಕೆ ಹೋಗೋವಾಗ ಬದಲಾಯಿಸಬಾರದು" ಅಂದ್ರು.

ಟೊರೊಂಟೊ_ಚಳಿ | ಟೊರೊಂಟೊ

ಅಜ್ಜಿಗೆ ಸಾಷ್ಟಾಂಗ ನಮಸ್ಕಾರ.

ನಮ್ಮ ಕಥೆ ಕೇಳಿ. ತಂಡದ ಹೆಸರೇ ಬ್ಲೂ ಜೇಸ್. 1992, 1993 ಎರಡೂ ವರ್ಷ ನೀಲಿಯಲ್ಲೇ ವರ್ಲ್ಡ್ ಸೀರೀಸ್ ಗೆದ್ದವರು. 2004ರಲ್ಲಿ ಅದ್ಯಾವ ಪುಣ್ಯಾತ್ಮನಿಗೆ ಹೊಳೀತೋ, ಕಪ್ಪು-ಬೂದು ತಂದು, ಲಾಂಛನದಿಂದ ‘ಬ್ಲೂ’ ಅನ್ನೋ ಶಬ್ದವನ್ನೇ ಕಿತ್ತು ಬರೀ ‘ಜೇಸ್’ ಅಂತ ಬರೆದ್ರು. ಹೆಸರಲ್ಲಿ ಬಣ್ಣ ಇರೋ ತಂಡದಿಂದ ಬಣ್ಣ ತೆಗೆದದ್ದು! ಕೆಂಪೇಗೌಡರ ಹೆಸರಿಂದ ಕೆಂಪು ತೆಗೆದು ಬರೀ ‘ಏಗೌಡ’ ಅಂತ ಕರೆದ ಹಾಗೆ. ಆಗ ನಾನು ಹೊಸಬ, ಸ್ಟೇಡಿಯಂ ಅರ್ಧಕ್ಕರ್ಧ ಖಾಲಿ ಇರ್ತಿತ್ತು, ಟಿಕೆಟ್ ಅಗ್ಗ. 2012ರಲ್ಲಿ ನೀಲಿ ವಾಪಸ್ ಬಂದಾಗ ನನ್ನ ಪಕ್ಕದ ಸೀಟಿನ ಮುದುಕರೊಬ್ಬರು ಜೆರ್ಸಿಯ ತೋಳನ್ನ ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡ್ತಾ ಇದ್ರು, ಸೀರೆ ಅಂಗಡಿಯಲ್ಲಿ ಹೆಂಗಸರು ಜರಿ ನೋಡ್ತಾರಲ್ಲ ಹಾಗೆ.

ಆದ್ರೂ ಹಳೇ_ಟೋಪಿಯವರ ಸಂಕಟ ಅರ್ಥ ಆಗುತ್ತೆ. ನಾನು ಮೊದಲು ಕೊಂಡಿದ್ದು ಆ ಕಪ್ಪು ಟೋಪಿ. ಇವತ್ತಿಗೂ ಕಪಾಟಲ್ಲಿದೆ. ಹಾಕ್ಕೊಂಡು ಹೊರಗೆ ಹೋದ್ರೆ ಜನ ಕನಿಕರದಿಂದ ನೋಡ್ತಾರೆ.

ಧಾರವಾಡ_ಪೇಡಾ | ಚುಲಾ ವಿಸ್ಟಾ

ಏನ್ರೀ ಯಪ್ಪಾ, ಕಂದ ಬಣ್ಣ ಅಂದ್ರ ಎಲ್ಲಾರಿಗೂ ಅಷ್ಟ್ಯಾಕ ನಗಿ? ನಮ್ಮೂರ ಪೇಡಾ ಯಾವ ಬಣ್ಣದ್ದೈತಿ? ಹಾಲು ಕಾಸಿ ಕಾಸಿ ಕಂದ ಆದ ಮ್ಯಾಲ ಅಲ್ಲೇನ್ರೀ ಪೇಡಾ ಅನಿಸ್ಕೊಳ್ಳೋದು?

ನೌಕಾಪಡೆ ಊರು, ಅದಕ್ಕ ನೀಲಿ ಬೇಕು ಅಂತಾರಲ್ಲ, ಆ ಮಾತು ನನಗ ಒಪ್ಪಂಗಿಲ್ಲ. ಮಂದಿ ಸೈನಿಕರಿಗೆ ಗೌರವ ಕೊಡೋದು ಬ್ಯಾರೇನ ಐತಿ. 2000ದಿಂದ ಮಿಲಿಟರಿ ಡಿಜೈನಿನ ಜೆರ್ಸಿ ಹಾಕ್ಕೋತ ಬಂದಾರ, ಊರಾಗಿನ ಭಾನುವಾರದ ಆಟಕ್ಕ ಅದ. ಮೂರನೇ ಇಯತ್ತೆ ಹುಡುಗರು ಶನಿವಾರ ಬಿಳಿ ಡ್ರೆಸ್ ಹಾಕ್ಕೊಂಡ ಹೋಗೂ ಹಂಗ. ನನ್ನ ಮಗ್ಗಲ ಮನಿಯವ್ರು ನೇವಿಯಾಗ ಇಪ್ಪತ್ತು ವರ್ಷ ಇದ್ದವ್ರು. ಅವ್ರ ತಲಿ ಮ್ಯಾಲ ಮಾತ್ರ ಕಂದ ಟೋಪಿ! ಯಾಕ್ರೀ ಅಂದ್ರ, "ನೀಲಿ ನನಗ ಡ್ಯೂಟಿ ಬಣ್ಣ, ರಜಾ ದಿನಾನೂ ಅದನ್ನ ಹಾಕ್ಕೊಳ್ಳೇನು?" ಅಂದ್ರು.

ಹಸಿರುಬಂಗಾರ | ಫ್ರೀಮಾಂಟ್

ಓದ್ತಾ ಓದ್ತಾ ಹೊಟ್ಟೆ ಉರೀತು, ಅದಕ್ಕೇ ಬರೀತಿದೀನಿ.

ನಾನು ಓಕ್ಲೆಂಡ್ ಎ’ಸ್ ಕಡೆಯವಳು. ಹಸಿರು, ಹಳದಿ. 1963ರಲ್ಲಿ ತಂಡ ಕ್ಯಾನ್ಸಸ್ ಸಿಟಿಯಲ್ಲಿದ್ದಾಗ ಮಾಲೀಕ ಚಾರ್ಲಿ ಫಿನ್ಲಿ ಈ ಬಣ್ಣ ತಂದಾಗಲೂ ಜನ ನಕ್ಕಿದ್ರಂತೆ. ಆ ನಗು ಓಕ್ಲೆಂಡಿಗೆ ಬಂದ ಮೇಲೆ 1972, 73, 74 ಮೂರು ವರ್ಷ ಸಾಲಾಗಿ ವರ್ಲ್ಡ್ ಸೀರೀಸ್ ಗೆದ್ದಾಗ ನಿಂತಿತು. ಯಾರೂ ನಮ್ಮ ಬಣ್ಣ ಮುಟ್ಟಲಿಲ್ಲ. ಬಣ್ಣ ಹಾಗೇ ಇದೆ. ಊರೇ ಇಲ್ಲ.

2023ರ ಜೂನ್ 13ಕ್ಕೆ ನಾನೂ ನಮ್ಮ ಸ್ಟೇಡಿಯಂ ಕೊಲಿಸಿಯಮ್ಮಿಗೆ ಹೋಗಿದ್ದೆ. ಮಾಲೀಕ ತಂಡವನ್ನ ಲಾಸ್ ವೇಗಸಿಗೆ ಎತ್ಕೊಂಡು ಹೋಗ್ತಾನೆ ಅಂತ ಗೊತ್ತಾದ ಮೇಲೆ, ಬರದೇ ಪ್ರತಿಭಟಿಸೋ ಬದಲು ಎಲ್ಲರೂ ಬಂದು ಪ್ರತಿಭಟಿಸೋಣ ಅಂತ ಜನ ನಿರ್ಧಾರ ಮಾಡಿದ್ರು. 27,759 ಜನ. ಎಲ್ಲರ ಮೈಮೇಲೂ ಹಸಿರು ಟೀ ಶರ್ಟು, ಅದರ ಮೇಲೆ ಒಂದೇ ಶಬ್ದ: ‘ಸೆಲ್’. ಮಾರಿಬಿಡು. ಇಡೀ ಗ್ಯಾಲರಿ ಗದ್ದೆ ಥರ ಕಾಣ್ತಿತ್ತು. ಆ ದಿನ ನನಗೆ ತಿಳೀತು, ಬಣ್ಣ ತಂಡದ್ದಲ್ಲ, ನಮ್ಮದು ಅಂತ. ಮಾಲೀಕನನ್ನ ಬೈಯೋಕೆ ಅವನದೇ ತಂಡದ ಬಣ್ಣ ಹಾಕ್ಕೊಂಡು ಹೋದ್ವಲ್ಲ. ಉಪಯೋಗ ಆಗ್ಲಿಲ್ಲ. 2024ರ ಸೆಪ್ಟೆಂಬರ್ 26ಕ್ಕೆ ಕೊನೇ ಆಟ. ಈಗ ಅವರು ಸ್ಯಾಕ್ರಮೆಂಟೊ ಪಕ್ಕದಲ್ಲಿ, ಚಿಕ್ಕ ಲೀಗಿನ ಮೈದಾನದಲ್ಲಿ ಆಡ್ತಿದಾರೆ, ಅದೇ ಹಸಿರಲ್ಲಿ. ನೋಡೋಕಾಗಲ್ಲ.

ನಿಮ್ಮ ಜಗಳ ನೀಲಿಯೋ ಕಂದೋ ಅಂತ. ಜಗಳ ಆಡೋಕಾದ್ರೂ ತಂಡ ಊರಲ್ಲಿದೆ.

ಹಳೇ_ಟೋಪಿ | ಸ್ಯಾನ್ ಡಿಯೇಗೊ

ಮೇಡಂ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಕೊಪ್ಪದ_ಕಾಫಿ | ಲಾ ಮೆಸಾ

ನನ್ನ ಹತ್ರ ಅರ್ಧ ಉತ್ತರ ಇದೆ. ನೀವು ಹೇಳಿದ್ದು ನಮಗೂ ಆಗೋದಿತ್ತು. 1974ರಲ್ಲಿ ಪಾಡ್ರೇಸ್ ವಾಷಿಂಗ್ಟನ್ನಿಗೆ ಹೋಗೋದು ಹೆಚ್ಚುಕಮ್ಮಿ ಖಾತ್ರಿ ಆಗಿತ್ತು. ಎಷ್ಟು ಖಾತ್ರಿ ಅಂದ್ರೆ, ಆಟಗಾರರ ಚಿತ್ರ ಇರೋ ಆ ವರ್ಷದ ಟಾಪ್ಸ್ ಕಂಪನಿಯ ಕಾರ್ಡುಗಳಲ್ಲಿ ಕೆಲವದರ ಮೇಲೆ ಸ್ಯಾನ್ ಡಿಯೇಗೊ ಬದಲು ವಾಷಿಂಗ್ಟನ್ ಅಂತ ಅಚ್ಚಾಗಿಬಿಟ್ಟಿದೆ. ನನ್ನ ಹತ್ರ ಒಂದಿದೆ, ಮೂಲೆ ಮಡಚಿದ್ದು. ಆಟಗಾರನ ಮೈಮೇಲೆ ಪಾದ್ರಿಗಳ ಬಟ್ಟೆ, ಕಾರ್ಡಿನ ಮೇಲೆ ಇನ್ಯಾರದೋ ಊರು. ಕೊನೇ ಗಳಿಗೆಯಲ್ಲಿ ಮೆಕ್‌ಡೊನಾಲ್ಡ್ಸಿನ ರೇ ಕ್ರಾಕ್ ಕೊಂಡುಕೊಂಡು ಇಲ್ಲೇ ಉಳಿಸಿದ. ಉಳಿಸಿದವನೇ ಊರಲ್ಲಿ ನಡೆದ ಮೊದಲ ಆಟದ ದಿನ ಮೈಕ್ ಹಿಡಿದು, ಇಂಥ ದಡ್ಡ ಆಟ ನಾನು ನೋಡಿಯೇ ಇಲ್ಲ ಅಂತ ಇಡೀ ಸ್ಟೇಡಿಯಮ್ಮಿಗೆ ಕೇಳೋ ಹಾಗೆ ಬೈದ. ಅದು ಬೇರೆ ಕಥೆ.

ಆಮೇಲೆ 2017. ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಚಾರ್ಜರ್ಸ್ ಲಾಸ್ ಏಂಜಲೀಸಿಗೆ ಎದ್ದು ಹೋಯ್ತು. 56 ವರ್ಷ ಇದ್ದವರು. ಮಿಂಚಿನ ಗುರುತಿನ ಆ ಬಟ್ಟೆಗಳನ್ನ ಜನ ಅವರ ಆಫೀಸಿನ ಮುಂದೆ ರಾಶಿ ಹಾಕಿ ಬಂದ್ರು. ಊರಲ್ಲಿ ಉಳಿದ ದೊಡ್ಡ ತಂಡ ಪಾಡ್ರೇಸ್ ಒಂದೇ, ಅದೂ ಎಂಥಾ ಬಟ್ಟೇಲಿ? 2004ರಲ್ಲಿ ಹೊಸ ಸ್ಟೇಡಿಯಂ ಪೆಟ್ಕೊ ಪಾರ್ಕಿಗೆ ಹೋದಾಗ ನೀಲಿ ಜೊತೆ ಮರಳಿನ ಬಣ್ಣ ಇತ್ತು, ಅದನ್ನೂ ಆಮೇಲೆ ತೆಗೆದ್ರು. ಉಳಿದಿದ್ದು ನೀಲಿ-ಬಿಳಿ. ಯಾಂಕೀಸ್ ಕಡುನೀಲಿ, ಡೆಟ್ರಾಯಿಟ್ ಕಡುನೀಲಿ, ಬಾಸ್ಟನ್ ಟೋಪಿ ಕಡುನೀಲಿ, ಮಿಲ್ವಾಕಿ ಕಡುನೀಲಿ, ಇನ್ನೂ ಎಷ್ಟೋ. ಟಿವಿಯ ಶಬ್ದ ತೆಗೆದು ಕೂತ್ರೆ ಆಡ್ತಿರೋದು ನಮ್ಮವರೋ ಪಕ್ಕದವರೋ ತಿಳೀತಿರಲಿಲ್ಲ. "ಕಂದು ವಾಪಸ್ ತನ್ನಿ" ಅಂತ ಜನ ವರ್ಷಗಟ್ಟಲೆ ಹಿಂದೆ ಬಿದ್ದಿದ್ದು ಬರೀ ಹಳೇ ನೆನಪಿಗಲ್ಲ. ಸೇಂಟ್ ಲೂಯಿಸ್ ಬ್ರೌನ್ಸ್ ಅಂತ ಒಂದು ತಂಡ ಇತ್ತು, 1953ರ ನಂತರ ಬಾಲ್ಟಿಮೋರಿಗೆ ಹೋಗಿ ಓರಿಯೋಲ್ಸ್ ಆಯ್ತು. ಅವರು ಹೋದ ಮೇಲೆ ಮೇಜರ್ ಲೀಗಲ್ಲಿ ಕಂದು ಅಂದ್ರೆ ನಾವೇ. ಚಂದ ಇದೆಯೋ ಇಲ್ವೋ, ಅದು ನಮ್ಮ ಮನೆ ನಾಯಿ ಕಣ್ರೀ. ಬೀದೀಲಿ ನೂರು ನಾಯಿ ಇದ್ರೂ ಗುರುತು ಸಿಗುತ್ತೆ.

ಕಷ್ಟ ಏನಾಯ್ತು ಗೊತ್ತಾ? ಇಷ್ಟೆಲ್ಲಾ ಕಾದು 2020ಕ್ಕೆ ಬಣ್ಣ ಬಂತು, ಜೊತೆಗೇ ಕೊರೋನಾ ಬಂತು. ಬಿಳಿ ಮೇಲೆ ಕಂದು ಗೀಟು, ಎಷ್ಟು ಚೆನ್ನಾಗಿತ್ತು! 60 ಆಟ, ಸ್ಟೇಡಿಯಂ ಪೂರ್ತಿ ಖಾಲಿ. ಸೀಟುಗಳಲ್ಲಿ ರಟ್ಟಿನ ಮನುಷ್ಯರು. ಆಗಸ್ಟಲ್ಲಿ ನಾಲ್ಕು ಆಟಗಳಲ್ಲಿ ಸಾಲಾಗಿ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್ ಬರೋ ಹೋಂ ರನ್) ಹೊಡೆದ್ರು, ಹಿಂದೆ ಯಾವ ತಂಡವೂ ಮಾಡಿರಲಿಲ್ಲ. ಆ ಚೆಂಡುಗಳಲ್ಲಿ ಒಂದಕ್ಕೂ ಕೈ ಚಾಚೋ ಜನ ಗ್ಯಾಲರಿಯಲ್ಲಿ ಇರಲಿಲ್ಲ. ನಾನು ಹೊಸ ಜೆರ್ಸಿ ಹಾಕ್ಕೊಂಡು ಸೋಫಾ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸ್ತಾ ನೋಡಿದೆ.

ಹೊಸಬ_ನಾನು | ಸ್ಯಾನ್ ಡಿಯೇಗೊ

ನಾನು ಬಂದಿದ್ದು 2021ರಲ್ಲಿ, ಹಾಗಾಗಿ ನನಗೆ ಪಾಡ್ರೇಸ್ ಅಂದ್ರೆ ಹುಟ್ಟಿನಿಂದ ಕಂದು. ಆ ಏಪ್ರಿಲ್ 9ಕ್ಕೆ ಜೋ ಮಸ್ಗ್ರೋವ್ ಟೆಕ್ಸಸ್ ಮೇಲೆ ಎಸೆದ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಬಿಡದ ಆಟ) ತಂಡದ ಚರಿತ್ರೆಯಲ್ಲೇ ಮೊದಲನೇದು ಅಂತ ಕೇಳಿ ನಂಬೋಕಾಗ್ಲಿಲ್ಲ. 1969ರಿಂದ ಒಂದೂ ಇಲ್ಲ! ಎಸೆದವನು ಇದೇ ಊರಿನ ಪಕ್ಕದ ಎಲ್ ಕಹೋನ್ ಹುಡುಗ. ಬಣ್ಣ ವಾಪಸ್ ಬಂದಿದ್ದಕ್ಕೇ ಅದೃಷ್ಟ ತಿರುಗಿದ್ದು ಅಂತ ನಮ್ಮ ಆಫೀಸಲ್ಲಿ ಎಲ್ಲರೂ ಹೇಳ್ತಿದ್ರು.

ಯಾರೂ ಬೈಬೇಡಿ, ನನಗೆ ತುಂಬಾ ಇಷ್ಟವಾಗಿದ್ದು 2022ರಲ್ಲಿ ತಂದ ಗುಲಾಬಿ-ಪುದೀನ ಬಣ್ಣದ ‘ಸಿಟಿ ಕನೆಕ್ಟ್’ ಜೆರ್ಸಿ. ಗಡಿಯಾಚೆ ತಿಹುವಾನಾ ಕಡೆಯವರನ್ನೂ ಸೇರಿಸಿ ಮಾಡಿದ್ದು.

ಕೊಪ್ಪದ_ಕಾಫಿ | ಲಾ ಮೆಸಾ

ಬೈಯಲ್ಲ. ಬರ್ತ್‌ಡೇ ಕೇಕ್ ಥರ ಇದೆ ಅಂತ ಮಾತ್ರ ಹೇಳ್ತೀನಿ.

ಅರಿಶಿನ_ಕುಂಕುಮ | ಬೆಂಗಳೂರು

ಫೋಟೋ ನೋಡ್ದೆ. ಕೇಕ್ ಅಲ್ಲ ಸಾರ್, ಗಡ್‌ಬಡ್ ಐಸ್‌ಕ್ರೀಮ್.

ಬಂಗುಡೆ_ಫ್ರೈ | ಲಾಸ್ ಏಂಜಲೀಸ್

ಗಡ್‌ಬಡ್ ಹೆಸರು ತೆಗೆದು ಹಸಿವಾಗುವ ಹಾಗೆ ಮಾಡಿದ್ರಿ.

ಅದೃಷ್ಟದ ವಿಷಯ ಬಂದದ್ದಕ್ಕೆ ಒಂದು ಲೆಕ್ಕ ಕೇಳಿ. ಪಾಡ್ರೇಸ್ ವರ್ಲ್ಡ್ ಸೀರೀಸಿಗೆ ಹೋದದ್ದು ಎರಡೇ ಸಲ. 1984ರಲ್ಲಿ ಕಂದು-ಕಿತ್ತಳೆ, 1998ರಲ್ಲಿ ನೀಲಿ-ಕಿತ್ತಳೆ. ಎರಡರಲ್ಲೂ ಇದ್ದ ಬಣ್ಣ ಯಾವುದು? ಕಿತ್ತಳೆ! ನೀವೆಲ್ಲ ಸುಮ್ಮನೆ ಕಂದು-ನೀಲಿ ಅಂತ ಹೊಡೆದಾಡ್ತಾ ಇದ್ದೀರಿ, ಅದೃಷ್ಟ ಹೋಗಿ ಮೂಲೆಯಲ್ಲಿ ಕೂತಿದೆ. ಆದ್ರೆ ಕಪ್ ಎರಡು ಸಲವೂ ಬರಲಿಲ್ಲ, ಅದು ಬೇರೆ ವಿಷಯ.

ಧಾರವಾಡ_ಪೇಡಾ | ಚುಲಾ ವಿಸ್ಟಾ

ಡಾಡ್ಜರ್ಸ್ ಮಂದಿ ಸುಮ್ನಿರ್ರಿ. 2022ರಾಗ ನಿಮ್ಮವ್ರು 111 ಆಟ ಗೆದ್ದು ಬಂದು ನಮ್ಮ ಕಂದ ಅಂಗಿ ಮುಂದ ಮಕಾಡೆ ಮಲಗಿದ್ದು ಮರೆತ್ರೇನು? ಅಕ್ಟೋಬರ್ 15, ಮಳಿ ಬಂದು ಆಟ ತಡಾ ಆಗಿ, ಏಳನೇ ಇನ್ನಿಂಗ್ಸ್‌ನ್ಯಾಗ ಐದು ರನ್ನು. ನಾ ಅಲ್ಲೇ ಇದ್ದೆ. ತೊಯ್ಸಿಕೊಂಡ ಹಳದಿ ಟವೆಲ್ ಇನ್ನೂ ಮನ್ಯಾಗ ಐತಿ.

ಬಂಗುಡೆ_ಫ್ರೈ | ಲಾಸ್ ಏಂಜಲೀಸ್

ಆ ವರ್ಷದ ಮಾತು ಬೇಡ. 2024ರಲ್ಲಿ ಎರಡಕ್ಕೆ ಮೂರು ಗೆದ್ದು ನಿಮ್ಮನ್ನ ಕಳಿಸಿದ್ದು ಯಾರು ಅಂತ ನಾನೂ ಹೇಳಬಹುದು.

ನಿರ್ವಾಹಕ

ಇಬ್ಬರೂ ಸಾಕು. ಟೋಪಿಯ ವಿಷಯಕ್ಕೆ ಬನ್ನಿ.

ಬಟ್ಟೆ_ಲೈನು | ಬೆಂಗಳೂರು

ಹದಿನಾಲ್ಕು ವರ್ಷ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗಲ್ಲಿ ಇದ್ದವಳು ನಾನು. ಭಾವನೆ ವಿಷಯ ನೀವು ಮಾತಾಡಿಕೊಳ್ಳಿ, ಬಟ್ಟೆ ವಿಷಯ ನಾನು ಹೇಳ್ತೀನಿ.

ಕಂದು ಬಹಳ ತೊಂದರೆ ಕೊಡೋ ಬಣ್ಣ. ಕೆಂಪು, ಹಳದಿ, ನೀಲಿ ಮೂರನ್ನೂ ಕೂಡಿಸಿ ತರಿಸಬೇಕು, ಒಂದು ಚೂರು ಆಚೀಚೆ ಆದ್ರೂ ಒಂದು ಲಾಟ್ ಕೆಂಪಗೆ, ಇನ್ನೊಂದು ಲಾಟ್ ಹಸಿರು ಹೊಡೆದ ಹಾಗೆ. ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ ಅನ್ಸುತ್ತೆ, ಬಿಸಿಲಿಗೆ ತಂದ್ರೆ ಬಣ್ಣಗೇಡು. ಅದಕ್ಕೇ ನಾವು ಕಂದು ಪೀಸ್ ಬಂದ್ರೆ ಬಾಗಿಲ ಹತ್ರ ಹೋಗಿ ನೋಡ್ತಿದ್ವಿ. ಅಂಗಿ ಒಂದು ಬಟ್ಟೆ, ಟೋಪಿ ಇನ್ನೊಂದು ಬಟ್ಟೆ, ಎರಡಕ್ಕೂ ಒಂದೇ ಕಂದು ಕೂರಿಸೋದು ಹುಡುಗಾಟ ಅಲ್ಲ. ಕಡುನೀಲಿಗೆ ಈ ರಗಳೆ ಕಮ್ಮಿ, ಕತ್ತಲು ಬಣ್ಣ, ಎಲ್ಲವನ್ನೂ ನುಂಗಿಕೊಳ್ಳುತ್ತೆ.

2024ರಲ್ಲಿ ಎಲ್ಲಾ ತಂಡಗಳಿಗೂ ಹೊಸ ತೆಳು ಜೆರ್ಸಿ ಬಂತಲ್ಲ, ಬೆನ್ನಿನ ಮೇಲಿನ ಹೆಸರು ಪುಟ್ಟದು, ಬಿಳಿ ಪ್ಯಾಂಟಿನ ಒಳಗೆ ಸಿಕ್ಕಿಸಿದ ಅಂಗಿಯ ಅಂಚು ಹೊರಗೇ ಕಾಣೋದು, ಬೆವರು ಹತ್ತಿದ ಕಡೆ ಬಣ್ಣ ಗಾಢ. ಅಮೆರಿಕದಲ್ಲಿ ದೊಡ್ಡ ಗಲಾಟೆ ಆಯ್ತು. ಜನ ಬಣ್ಣಕ್ಕೆ ಜಗಳ ಆಡ್ತಾರೆ, ಬಟ್ಟೆಯನ್ನ ಯಾರೂ ಕೇಳಲ್ಲ ಅನ್ಕೊಂಡಿದ್ದೆ. ಆಗ ಕೇಳಿದ್ರು, ನನಗೆ ಸಮಾಧಾನ ಆಯ್ತು.

ಹಳೇ_ಟೋಪಿ ಅವರೇ, ನಿಮ್ಮದು ಉಣ್ಣೆ ಅಂದ್ರಿ. ಒಗೆಯೋದಾದ್ರೆ ತಣ್ಣೀರು, ಅಂಟುವಾಳ ಕಾಯಿ ಇಲ್ಲಾಂದ್ರೆ ಸ್ವಲ್ಪ ಶಾಂಪೂ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಒಳಗಿನ ಪಟ್ಟಿ ಮಾತ್ರ ಉಜ್ಜಿ. ಆಮೇಲೆ ಚೊಂಬು ಬೋರಲು ಹಾಕಿ ಅದರ ಮೇಲೆ ಕೂರಿಸಿ ನೆರಳಲ್ಲಿ ಒಣಗಿಸಿ. ಬಿಸಿನೀರಿಗೆ ಮಾತ್ರ ಹಾಕಬೇಡಿ. ಕುಗ್ಗುತ್ತೆ.

ಹಳೇ_ಟೋಪಿ | ಸ್ಯಾನ್ ಡಿಯೇಗೊ

ಇಷ್ಟೊಂದು ಜನ ಬರೀತಾರೆ ಅನ್ಕೊಂಡಿರಲಿಲ್ಲ.

ಕೊಪ್ಪದ ಕಾಫಿ ಅವರೇ, ನಾಚಿಕೆ ಅಂದ್ರಲ್ಲ, ಅದು ತಾಕಿತು. ಬಂದ ಹೊಸದರಲ್ಲಿ ಆಫೀಸಿನ ಡಬ್ಬಿಗೆ ಹುಳಿಯನ್ನ ಹಾಕ್ಕೊಂಡು ಹೋಗ್ತಾ ಇರಲಿಲ್ಲ ನಾನು, ವಾಸನೆ ಅಂತಾರೆ ಅಂತ. ಬ್ರೆಡ್ಡು ತಿಂತಿದ್ದೆ. ನೀಲಿ ಟೋಪಿ ನನಗೆ ಒಗ್ಗಿದ್ದೂ ಅದಕ್ಕೇ ಇರಬಹುದು, ಎಲ್ಲರ ಥರ ಕಾಣಿಸ್ತಿದ್ದೆ. ಅದೇ ಸಮಯದಲ್ಲಿ ಈ ಊರಿನ ತಂಡವೂ ಎಲ್ಲರ ಥರ ಕಾಣಿಸೋಕೆ ಒದ್ದಾಡ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ಈಗ ಮಗಳು ಡಬ್ಬಿಗೆ ಪುಳಿಯೋಗರೆ ತಗೊಂಡು ಹೋಗ್ತಾಳೆ, ಕಂದು ಜೆರ್ಸಿ ಹಾಕ್ಕೋತಾಳೆ, ಎರಡಕ್ಕೂ ಯಾರಪ್ಪಣೆಯನ್ನೂ ಕೇಳಲ್ಲ.

ಆದ್ರೂ ಗ್ವಿನ್‌ನ ಬಗ್ಗೆ ಒಂದು ತಕರಾರು ಇದೆ. ನೀವು ಅವನನ್ನ ಕಂದು ಕಾಲದವನು ಅಂತ ಬರೀತೀರಿ. ನಾನು ನೋಡಿದ ಗ್ವಿನ್ ಪೂರ್ತಿ ನೀಲಿ. 3,141 ಹಿಟ್‌ಗಳಲ್ಲಿ 1991ರಿಂದ ಈಚಿನದ್ದೆಲ್ಲಾ ನೀಲಿ ಬಟ್ಟೆಯದ್ದು. 1994ರಲ್ಲಿ .394 ಸರಾಸರಿಯಲ್ಲಿ ಹೊಡೆದಿದ್ದೂ ನೀಲಿಯಲ್ಲೇ. ಕಂದು ವಾಪಸ್ ಬಂದ ಸಂಭ್ರಮದಲ್ಲಿ ಆ ಇಪ್ಪತ್ತೊಂಬತ್ತು ವರ್ಷವನ್ನ ಯಾರೋ ಮಾಡಿದ ತಪ್ಪು ಅನ್ನೋ ಥರ ಮಾತಾಡ್ತಾರೆ, ಅದೇ ನನಗೆ ಬೇಜಾರು.

ಕೊಪ್ಪದ_ಕಾಫಿ | ಲಾ ಮೆಸಾ

ಒಪ್ಪಿದೆ. ಈ ಮಾತಿಗೆ ಎದುರು ಮಾತಿಲ್ಲ. 1994ರಲ್ಲಿ ಮುಷ್ಕರ ಆಗಿ ಆಟ ನಿಲ್ಲದೇ ಇದ್ದಿದ್ರೆ .400 ಮುಟ್ಟುತಿದ್ದ ಅನ್ನೋ ಹೊಟ್ಟೆನೋವು ನಮ್ಮಿಬ್ಬರಿಗೂ ಒಂದೇ, ಅದಕ್ಕೆ ಯಾವ ಬಣ್ಣವೂ ಇಲ್ಲ.

ಆದ್ರೆ ಪೆಟ್ಕೊ ಪಾರ್ಕಿನ ಹಿಂದೆ ಹುಲ್ಲುಗುಡ್ಡದ ಹತ್ರ ಗ್ವಿನ್‌ನ ವಿಗ್ರಹ ಇದೆಯಲ್ಲ, ಅದು ಕಂಚಿಂದು. ಕಂಚು ಯಾವ ಬಣ್ಣ ಅಂತ ನಾನು ಹೇಳಬೇಕಾ?

ಧಾರವಾಡ_ಪೇಡಾ | ಚುಲಾ ವಿಸ್ಟಾ

ಪೇಡಾ ಬಣ್ಣ.

ಹಸಿರುಬಂಗಾರ | ಫ್ರೀಮಾಂಟ್

ಮೊದಲು ಕೋಪದಲ್ಲಿ ಬರೆದೆ, ತಪ್ಪು ತಿಳೀಬೇಡಿ. ನನ್ನ ‘ಸೆಲ್’ ಟೀ ಶರ್ಟ್ ಈಗ ಮಲಗೋವಾಗ ಹಾಕ್ಕೋತೀನಿ. ಒಗೆದು ಒಗೆದು ಅಕ್ಷರ ಸಿಪ್ಪೆ ಏಳ್ತಿದೆ, ‘ಸೆ’ ಅರ್ಧ ಹೋಗಿದೆ. ಟೋಪಿ ಇಟ್ಕೊಳ್ಳಿ ಸರ್.

ಹಳೇ_ಟೋಪಿ | ಸ್ಯಾನ್ ಡಿಯೇಗೊ

ಎರಡು ವಾರದ ನಂತರ ಬರೀತಿದೀನಿ. ಟೋಪಿ ಒಗೆದಾಯ್ತು. ಬಿಳಿ ಬನಿಯನ್‌ಗಳ ಜೊತೆ ಮೆಷಿನ್ನಿಗೆ ಹೋಗಿತ್ತು, ಬಿಸಿನೀರಿನ ಸೆಟ್ಟಿಂಗಲ್ಲಿ. ಮೂರು ಬನಿಯನ್‌ಗೆ ತೆಳುನೀಲಿ ಹತ್ತಿದೆ. ಟೋಪಿ ಕುಗ್ಗಿ ನನ್ನ ತಲೆಯ ಮೇಲೆ ತಟ್ಟೆ ಇಡ್ಲಿ ಇಟ್ಟ ಹಾಗೆ ಕೂರ್ತಿದೆ.

ಮಗಳ ತಲೆಗೆ ಸರಿಯಾಗಿದೆ. ನಿನ್ನೆ ಆಟಕ್ಕೆ ಕಂದು ಜೆರ್ಸಿ ಮೇಲೆ ಅದನ್ನೇ ಹಾಕ್ಕೊಂಡು ಬಂದ್ಲು. ಡಾಡ್ಜರ್ಸ್ ಕಡೆಯವಳು ಅನ್ಕೋತಾರಲ್ಲಮ್ಮಾ ಅಂದ್ರೆ, "ಇದು ವಿಂಟೇಜ್, ನಿಮಗೆ ಗೊತ್ತಾಗಲ್ಲ" ಅಂದ್ಲು. ನಾನು ಹೊಸದೊಂದು ಕಂದು ಟೋಪಿ ತಗೊಂಡೆ. ಗಟ್ಟಿಯಾಗಿದೆ, ಹಣೆ ಮೇಲೆ ಗೆರೆ ಬೀಳ್ತಿದೆ.

ಬಟ್ಟೆ_ಲೈನು | ಬೆಂಗಳೂರು

ಬಿಸಿನೀರಿಗೆ ಹಾಕಬೇಡಿ ಅಂತ ಅಷ್ಟು ಬಿಡಿಸಿ ಹೇಳಿದ್ನಲ್ಲ ಸ್ವಾಮಿ!

ಹಳೇ_ಟೋಪಿ | ಸ್ಯಾನ್ ಡಿಯೇಗೊ

ನಾನು ಓದಿದ್ದೆ ಮೇಡಂ. ನಮ್ಮನೆಯಾಕೆ ಓದಿರಲಿಲ್ಲ.